ಕೆಳಗಿನ ಪ್ರತಿ

ನಮ್ಮ ಟೈಪಿಂಗ್ ಮಾಸ್ತರ ಎದುರು "ಆತು" ಅನ್ನುವ ಮಾತನ್ನು ಸುಮ್ಮನೆ ಆಡುವಂತಿರಲಿಲ್ಲ. "ಟೈಪ್ ಮಾಡಿ ಆತು, ಮಾಸ್ತರೇ" ಎಂದು ಕಾಗದ ಚಾಚಿದರೆ ಕನ್ನಡಕವನ್ನು ಹಣೆಗೇರಿಸಿ, "ಆತು ಅಂತ ಹೇಳಿದ್ದು ಯಾರು? ನೀನಾ, ಕಾಗದವಾ?" ಎಂದು ಕೇಳುವರು. ಮೂರು ಕಾರ್ಬನ್ ಇಟ್ಟು ಹೊಡೆಸುತ್ತಿದ್ದರು. ಮೇಲಿನ ಹಾಳೆಯನ್ನು ನೋಡದೆ ಬದಿಗಿಟ್ಟು, ಎಲ್ಲಕ್ಕಿಂತ ಕೆಳಗಿನ ಮಸುಕು ಪ್ರತಿಯನ್ನು ಎಳೆದು ಕಿಟಕಿಯ ಬೆಳಕಿಗೆ ಹಿಡಿಯುವರು. ಅದರಲ್ಲಿ ಒಂದಕ್ಷರ ಓದಲು ಬಾರದಿದ್ದರೂ ಇಡೀ ಪುಟ ಮತ್ತೆ ಹೊಡೆಯಬೇಕು. "ಮೇಲಿಂದು ಸಾಹೇಬ್ರು ನೋಡ್ತಾರೆ. ಕೆಳಗಿಂದು ಯಾರೂ ನೋಡೂದಿಲ್ಲ. ಆದ್ರೆ ಕಷ್ಟ ಬಂದ ದಿವಸ ಕೈಗೆ ಸಿಗೂದು ಅದೇ, ತಂಗಿ" ಎನ್ನುವರು.

ಆ ಮಾಸ್ತರು ತೀರಿಕೊಂಡರು ಅಂತ ಹೋದ ವಾರ ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಳೆಯ ಗೆಳತಿ ಹೇಳಿದಳು. ಹದಿನೈದು ದಿನ ಆಗಿಹೋಗಿತ್ತಂತೆ. ನನಗೆ ಯಾರೂ ತಿಳಿಸಿರಲಿಲ್ಲ. ಬಸ್ಸಿನಲ್ಲಿ ಕೂತು ಅತ್ತೆ. ಪಕ್ಕದ ಸೀಟಿನ ಹೆಂಗಸು ಎಂತ ಆತು ಅಂತ ಕೇಳಿದ್ದಕ್ಕೆ, ಕಣ್ಣಿಗೆ ಧೂಳು ಅಂದೆ. ಅಳುವುದಕ್ಕೆ ಇನ್ನೊಂದು ಕಾರಣವೂ ಇತ್ತು ಅಂತ ಗೊತ್ತಾದದ್ದು ಆಮೇಲೆ, ನಾಲ್ಕು ದಿನ ಬಿಟ್ಟು.

ಹೊನ್ನಾವರದ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ಅವರ ಟೈಪಿಂಗ್ ಕ್ಲಾಸು. ತೊಂಬತ್ತೇಳು, ತೊಂಬತ್ತೆಂಟರ ಸುಮಾರಿಗೆ ನಾನು ತವರು ಮಾವಳ್ಳಿಯಿಂದ ಬಸ್ಸು ಹತ್ತಿ ಹೋಗಿ ಕಲಿತೆ. ಅರ್ಧ ತೋಳಿನ ಬಿಳಿ ಅಂಗಿ, ಕಿಸೆಯಲ್ಲಿ ಪೆನ್ನಿನ ಜೊತೆ ಒಂದು ಸಣ್ಣ ಸ್ಕ್ರೂಡ್ರೈವರು, ಬಿರು ಬೇಸಿಗೆಯಲ್ಲೂ ಕಂಕುಳಲ್ಲಿ ಕೊಡೆ. ಮಷಿನ್ನು ಕೆಟ್ಟರೆ ಮೊದಲು ಬಿಚ್ಚುವವರಲ್ಲ. ನಮ್ಮನ್ನು ಹೊಡೆಯಲು ಹೇಳಿ, ತಾವು ಬಗ್ಗಿ ಅದಕ್ಕೆ ಕಿವಿ ಕೊಟ್ಟು ಕೂರುವರು. ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಒಂದೇ ಒಂದು ಸ್ಕ್ರೂ ತಿರುಗಿಸಿದರೆ ಮುಗಿಯಿತು.

ಕಂಪ್ಯೂಟರ್ ಬಂದು ಟೈಪಿಂಗಿನ ಕಾಲ ಮುಗಿದಾಗ ಅವರಿಗೆ ಐವತ್ತು ದಾಟಿತ್ತು. ಉಳಿದ ಕ್ಲಾಸಿನವರು ಬಾಗಿಲು ಹಾಕಿದರು. ಇವರು ಪುಸ್ತಕ ತರಿಸಿಕೊಂಡು, ಒಂದು ಹಳೆಯ ಕಂಪ್ಯೂಟರನ್ನು ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ ಕಲಿತರು. ಭಟ್ಕಳದಿಂದ ಕುಮಟೆಯವರೆಗೆ ಮನೆಮನೆಗೆ ಹೋಗಿ ರಿಪೇರಿ ಮಾಡತೊಡಗಿದರು.

ಅವರಿಗೆ ಆಗದ ಇನ್ನೊಂದು ಮಾತು "ವೋಲ್ಟೇಜ್". ಆಗೆಲ್ಲ ನಮ್ಮ ಕಡೆ ಯಾವ ಯಂತ್ರ ಕೆಟ್ಟರೂ ರಿಪೇರಿಯವರು ವೋಲ್ಟೇಜ್ ಪ್ರಾಬ್ಲಮ್ ಅಂದು ಕೈತೊಳೆದುಕೊಳ್ಳುತ್ತಿದ್ದರು. ಮಾಸ್ತರು ಉರಿದು ಬೀಳುವರು. "ಗೊತ್ತಿಲ್ಲ ಅಂತ ಹೇಳೂಕೆ ನಾಚಿಕೆ ಆದವ ಹೇಳೂ ಮಾತು ಅದು!" ಕುಮಟೆಯ ಒಂದು ಆಫೀಸಿನಲ್ಲಿ ಪ್ರಿಂಟರು ವೋಲ್ಟೇಜಿನಿಂದ ಕೆಟ್ಟಿದೆ ಅಂತ ಮೂಲೆಗೆ ಸೇರಿತ್ತಂತೆ. ಇವರು ಬೆಳಿಗ್ಗೆಯಿಂದ ಮಧ್ಯಾಹ್ನ ಊಟದ ಹೊತ್ತಿನವರೆಗೆ ಅದರ ಮುಂದೆ ಕೂತು, ಕೊನೆಗೆ ಒಳಗಿಂದ ಒಂದು ಗುಂಡುಸೂಜಿ ತೆಗೆದು, ಕಾಗದದಲ್ಲಿ ಕಟ್ಟಿ ಗುಮಾಸ್ತರ ಕೈಗೆ ಕೊಟ್ಟು, "ತಕ್ಕೊಳ್ಳಿ, ನಿಮ್ಮ ವೋಲ್ಟೇಜು" ಅಂದು ಬಂದರಂತೆ. ಈ ಕಥೆಯನ್ನು ಅವರೇ ನನಗೆ ನಾಲ್ಕು ಸಲ ಹೇಳಿದ್ದರು.

ನಾನು ಮದುವೆಯಾಗಿ ಹಳದೀಪುರಕ್ಕೆ ಬಂದೆ. ಭಟ್ಕಳದ ಒಂದು ಹೈಸ್ಕೂಲಿನಲ್ಲಿ ಕೆಲಸ. ನಮ್ಮ ಅತ್ತೆಯ ಅಕ್ಕ ಕಾಗಾಲದವರು, ನಾವೆಲ್ಲ ದೊಡ್ಡಮ್ಮ ಅನ್ನುವವರು, ಹಾಡಿನ ಕಣಜ. ನಾಟಿ ಪದ, ಬೀಸುವ ಪದ, ಮದುಮಗಳಿಗೆ ಎಣ್ಣೆ ಹಚ್ಚುವ ಪದ, ಕೇಳಿದಷ್ಟೂ ಬರುತ್ತಿತ್ತು. ಮೂರು ವರ್ಷ ರಜೆ ರಜೆಗೆ ಹೋಗಿ ಟೇಪ್‌ರೆಕಾರ್ಡರ್ ಇಟ್ಟು ನಲವತ್ತು ಕ್ಯಾಸೆಟ್ ತುಂಬಿಸಿದೆ. ನಲವತ್ತು ತುಂಬಿದ ವರ್ಷವೇ ದೊಡ್ಡಮ್ಮ ಹೋಗಿಬಿಟ್ಟರು. ಹೊಳೆಯಾಚೆಯ ಅಕ್ಕನ ಮನೆಗೆ ಹೋಗುವುದನ್ನು ಅತ್ತೆ ಅಲ್ಲಿಗೇ ನಿಲ್ಲಿಸಿದರು. "ಪದ ಹಾಕು ಮಾರಾಯ್ತಿ" ಅಂತ ಭಾನುವಾರಗಳಂದು ನನ್ನನ್ನು ಕೇಳುವರು.

ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತದೆ ಅಂತ ಎರಡು ಸಾವಿರದ ನಾಲ್ಕರಲ್ಲಿ ಮನೆಗೆ ಕಂಪ್ಯೂಟರ್ ತಂದೆವು. ಮಾಸ್ತರೇ ಬಂದು ಕೂರಿಸಿದರು. ಒಂದೊಂದೇ ಕ್ಯಾಸೆಟ್ ಹಾಕಿ ನಲವತ್ತನ್ನೂ ಕಂಪ್ಯೂಟರಿಗೆ ಇಳಿಸಿದೆ. "ಒಂದೇ ಕಡೆ ಇದ್ರೆ ಇಲ್ಲ ಅಂತ್ಲೇ ಲೆಕ್ಕ" ಎಂದು ಮಾಸ್ತರು ಹೊರಗಡೆಯ ಇನ್ನೊಂದು ಹಾರ್ಡ್‌ಡಿಸ್ಕ್ ತರಿಸಿದರು. ಇಟ್ಟಿಗೆಯಷ್ಟು ದೊಡ್ಡ ಕರಿ ಪೆಟ್ಟಿಗೆ, ಮುಂದೆ ಮಿಣುಕುವ ಹಸಿರು ದೀಪ. ನಡುಮನೆಯಲ್ಲಿ ಪ್ಲಗ್ಗಿನ ಬೋರ್ಡು ಇದ್ದದ್ದು ದೇವರ ಗೂಡಿನ ಕೆಳಗೆ ಮಾತ್ರ. ಹಾಗಾಗಿ ಪೆಟ್ಟಿಗೆ ಅಲ್ಲೇ ಹಲಗೆಯ ಮೇಲೆ ಕೂತಿತು. ವಾರದ ದಿನಗಳಲ್ಲಿ ನಮ್ಮವರು ಸಂಜೆ ಐದೂವರೆಗೆ ಮನೆಗೆ ಬಂದು ಎರಡನ್ನೂ ಚಾಲೂ ಮಾಡಿ ಚಾ ಅಂಗಡಿಗೆ ಹೋಗುವುದು, ಕಾಲು ಗಂಟೆ ಬಿಟ್ಟು ಕಂಪ್ಯೂಟರ್ ತನ್ನಷ್ಟಕ್ಕೆ ಹಾಡುಗಳ ನಕಲನ್ನು ಪೆಟ್ಟಿಗೆಗೆ ತುಂಬುವುದು, ನಾನು ಏಳಕ್ಕೆ ಭಟ್ಕಳದ ಬಸ್ಸು ಇಳಿದು ಬರುವಾಗ ಎಲ್ಲ ಮುಗಿದಿರುವುದು. ಇದು ವ್ಯವಸ್ಥೆ. ಭಾನುವಾರ ಪೆಟ್ಟಿಗೆಯನ್ನು ಆರಿಸಿಯೇ ಇಡುತ್ತಿದ್ದೆ.

"ತಾನೇ ಮಾಡ್ತದೆ ಅಂತ ಬಿಡಬೇಡ. ತೆರೆದು ಕೇಳು. ಮತ್ತೆ ಕ್ಯಾಸೆಟ್ ಮುಟ್ಟಬೇಡ" ಅಂತ ಹೊರಡುವಾಗ ಹೇಳಿದರು.

ನಾನು ಎರಡನ್ನೂ ಮಾಡಲಿಲ್ಲ. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಕ್ಯಾಸೆಟ್ ಬೇಕಾಯಿತು. ಕಂಪ್ಯೂಟರಿನಲ್ಲೂ ಇದೆ, ಪೆಟ್ಟಿಗೆಯಲ್ಲೂ ಇದೆ, ಇನ್ನೇನು ಅಂತ ದೊಡ್ಡಮ್ಮನ ದನಿಯ ಮೇಲೆಯೇ ಮಕ್ಕಳ ಭಾಷಣ, ಹೆಡ್‌ಮಾಸ್ತರರ ವರದಿ ಎಲ್ಲ ತುಂಬಿಸಿದೆ. ಒಂದು ಸಲ ರುಚಿ ಹತ್ತಿದ ಮೇಲೆ ನಲವತ್ತನ್ನೂ ಖಾಲಿ ಮಾಡಿದೆ. ಬುದ್ಧಿ ಹುಲ್ಲು ಮೇಯಲು ಹೋಗಿತ್ತು, ಮತ್ತೇನು ಹೇಳಲಿ.

ಆ ನವೆಂಬರಿನಲ್ಲಿ ಒಂದು ದಿನ ಅಕಸ್ಮಾತ್ ಬ್ಯಾಕಪ್ಪಿನ ವರದಿ ತೆರೆದೆ. "ಅಪೂರ್ಣ" ಅಂತಿತ್ತು. ಹಿಂದಿನ ದಿನವೂ ಅಪೂರ್ಣ. ಅದರ ಹಿಂದಿನ ದಿನವೂ. ಮಾಸ್ತರಿಗೆ ಫೋನು ಮಾಡಿದೆ. ಶನಿವಾರ ನನಗೆ ಅರ್ಧ ದಿನ ಶಾಲೆ. ಮಧ್ಯಾಹ್ನ ಬಂದು ಕೂತರು, ಕೇಬಲ್ ಬದಲಿಸಿದರು, ಹಾಡಿನ ಉದ್ದುದ್ದ ಹೆಸರುಗಳನ್ನು ಕತ್ತರಿಸಿದರು. ಸಂಜೆ ಎಂದಿನ ಹೊತ್ತಿಗೆ ಬ್ಯಾಕಪ್ ಶುರುವಾಯಿತು. ಅತ್ತೆ ಅವರಿಗೆ ಚಾ ಕೊಟ್ಟರು, ದೇವರಿಗೆ ದೀಪ ಹಚ್ಚಿ ಕೈಮುಗಿದು ಒಳಗೆ ಹೋದರು. ಏಳು ಗಂಟೆಗೆ ನಲವತ್ತೂ ಪೂರ್ಣ. ಮಾಸ್ತರು ನಲವತ್ತನೆಯದನ್ನು ಪೆಟ್ಟಿಗೆಯಿಂದಲೇ ತೆರೆದು ಕೇಳಿಸಿ ಹೊರಟರು. ಸೋಮವಾರ ಮತ್ತೆ ಅಪೂರ್ಣ. ಮುಂದಿನ ಶನಿವಾರ ಮತ್ತೆ ಬಂದರು, ಮತ್ತೆ ಪೂರ್ಣ. ಸೋಮವಾರ ಮತ್ತೆ ಅದೇ ಹಾಡು.

"ನಿಮ್ಮನ್ನ ಕಂಡ್ರೆ ಅದಕ್ಕೆ ಹೆದ್ರಿಕೆ" ಅಂತ ನಾನು ಫೋನಿನಲ್ಲಿ ಚೇಷ್ಟೆ ಮಾಡಿದೆ. ಅವರು ನಗಲಿಲ್ಲ. "ಈ ಪ್ರೋಗ್ರಾಮಿಗೆ ಒಂದು ಕೆಟ್ಟ ಚಾಳಿ ಅದೆ, ತಂಗಿ. ಮೊದಲು ಹಳೇ ನಕಲು ಅಳಿಸ್ತದೆ, ಆಮೇಲೆ ಹೊಸತು ಬರೀತದೆ. ಅಂದ್ರೆ ನಾನು ಶನಿವಾರ ಪೂರ್ತಿ ಮಾಡಿದ್ದು ಸೋಮವಾರ ಅರ್ಧಕ್ಕೆ ಬರ್ತದೆ. ಬರೂ ವಾರ ಬಂದು ಪ್ರೋಗ್ರಾಮೇ ಬದಲಿಸ್ತೆ. ಅಲ್ಲೀವರೆಗೆ ಕ್ಯಾಸೆಟ್ ಅದೆಯಲ್ಲ?" ಅಂದರು. ನಾನು ಹೂಂ ಅಂದೆ. ಬಾಯಿ ಸುಟ್ಟುಹೋಗಬೇಕಿತ್ತು ನನ್ನದು.

ಆ ವಾರವೇ ಕಂಪ್ಯೂಟರಿನ ಹೊಟ್ಟೆಯಿಂದ ಟಕ್ ಟಕ್ ಅಂತ ಸದ್ದು ಹೊರಟಿತು. ಡಿಸೆಂಬರಿನ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಮಾಸ್ತರು ಬಂದವರೇ ಬಗ್ಗಿ ಕಿವಿ ಕೊಟ್ಟರು. ಎದ್ದಾಗ ಮುಖ ಬಿಳುಚಿತ್ತು. "ಇದು ಹೋಗ್ತಾ ಅದೆ. ಪೆಟ್ಟಿಗೇಲಿ ಎಷ್ಟದೆ?" ತೆರೆದು ನೋಡಿದರೆ ಹದಿನೇಳು.

"ಕ್ಯಾಸೆಟ್ ತಾ."

ಅವರು ಮತ್ತೊಮ್ಮೆ ಕೇಳಿದರು. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಎಲ್ಲ ಅಳಿಸಿದೆ ಅಂದೆ. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕುರ್ಚಿ ಎಳೆದು ಕೂತು, ಕನ್ನಡಕ ಒರೆಸಿಕೊಂಡು, ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿದರು.

"ಅಮ್ಮಾ, ಇನ್ನು ಇಪ್ಪತ್ಮೂರು ಕ್ಯಾಸೆಟ್ಟಿನ ಪದ ಇದ್ರೊಳಗೆ ಅದೆ. ಒಂದೊಂದೇ ತೆಗೀತೆ. ಯಾವಾಗ ನಿಲ್ತದೋ ಹೇಳೂಕೆ ಬರೂದಿಲ್ಲ. ಯಾವುದು ಮೊದಲು ಬೇಕು, ನೀವೇ ಹೇಳಬೇಕು."

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಬಂದು ನೆಲದ ಮೇಲೆ ಕೂತರು. ನಾನು ಪಟ್ಟಿ ಓದಿದೆ. ಮದುವೆಯ ಪದ ಹೇಳುತ್ತಾರೆ ಅಂದುಕೊಂಡಿದ್ದೆ. "ಅಕ್ಕ ನಡು ನಡು ನಗ್ಯಾಡಿದ್ದು ಅದೆಯಲ್ಲ, ಕೆಮ್ಮಿ ನೀರು ಕೇಳಿದ್ದು, ಅದು ಮೊದಲು" ಅಂದರು. ಮಾಸ್ತರು ಅದನ್ನೇ ತೆಗೆದರು. ಒಂದು ಕ್ಯಾಸೆಟ್ಟಿಗೆ ಕೆಲವೊಮ್ಮೆ ಎರಡು ನಿಮಿಷ, ಕೆಲವೊಮ್ಮೆ ಇಪ್ಪತ್ತು. ನಡುವೆ ಟಕ್ ಟಕ್ ಹೆಚ್ಚಾದರೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸುವರು, ಉಸಿರು ಬಿಟ್ಟರೆ ನಿಂತೀತು ಅನ್ನುವ ಹಾಗೆ. ಊಟಕ್ಕೆ ಯಾರೂ ಏಳಲಿಲ್ಲ. ಅತ್ತೆ ಒಂದೊಂದಾಗಿ ಹೇಳುತ್ತ ಹೋದರು. ನಾಟಿ ಪದದ ಒಂದು ಕ್ಯಾಸೆಟ್ಟು ಪಟ್ಟಿಯಲ್ಲಿ ಬಂದಾಗಲೆಲ್ಲ, "ಅದು ಆಮೇಲೆ" ಅನ್ನುವರು. ಮೂರನೆಯ ಸಲ ನಾನು ಎಂತಕ್ಕೆ ಅಂದೆ. "ಅದ್ರಲ್ಲಿ ನಾನೂ ಕೂಡಿ ಹಾಡಿದ್ದೆ. ನಂದೆಂತಕ್ಕೆ? ನಾನು ಬದುಕೇ ಇದ್ದೇನಲ್ಲ. ಬರೀ ಅಕ್ಕಂದು ಮೊದಲಾಗ್ಲಿ."

ಮೂರೂವರೆಗೆ ಹತ್ತೊಂಬತ್ತು ಸಿಕ್ಕಿತ್ತು. ಇಪ್ಪತ್ತನೆಯದು ಅರ್ಧಕ್ಕೆ ಬಂದಾಗ ಡಿಸ್ಕು ಒಮ್ಮೆ ಕುಯ್ಯೆಂದು ಸುಮ್ಮನಾಯಿತು. ಮಾಸ್ತರು ಮತ್ತೆ ಮತ್ತೆ ಚಾಲೂ ಮಾಡಿ ನೋಡಿದರು. ಆ ನಾಲ್ಕು ಹೋದವು. ಅಕ್ಕ ತಂಗಿ ಕೂಡಿ ಹಾಡಿದ್ದು ಆ ನಾಲ್ಕರಲ್ಲಿ ಕಡೆಯದು.

ನನಗೆ ನನ್ನ ಮೇಲಿನ ಸಿಟ್ಟು ಯಾರ ಮೇಲೆ ತೀರಿಸಬೇಕೋ ತಿಳಿಯಲಿಲ್ಲ. "ಬ್ಯಾಕಪ್ ಸರಿ ಆಗಿದ್ರೆ ಇದೆಲ್ಲ ಇತ್ತಾ? ಅದು ಯಾರಿಂದ ಹಾಳಾತು ಅಂತ ಗೊತ್ತಾಗ್ಲಿ, ಜನ್ಮದಲ್ಲಿ ಬಿಡೂದಿಲ್ಲ ನಾನು!" ಎಂದು ಕೂಗಿದೆ. ಅತ್ತೆ ಮೆಲ್ಲಗೆ, "ಎಂತಕ್ಕೆ ಹಿಂಗಾತು ಮಾಸ್ತರೇ? ಯಾರಾದ್ರೂ ಎಂತ ಆದ್ರೂ ಮಾಡಿದ್ರಾ?" ಎಂದು ಕೇಳಿದರು. "ಹುಡುಕ್ತೆ ಅಮ್ಮ" ಅಂದರು ಮಾಸ್ತರು.

ಹೊಸ ಡಿಸ್ಕು ಹಾಕಿದರು, ಪ್ರೋಗ್ರಾಮು ಬದಲಿಸಿದರು, ಹಳೆಯದನ್ನು ಅಳಿಸದ ಹಾಗೆ ಮಾಡಿದರು. ಹಾಡುಗಳು ಕ್ಷೇಮ. ಆದರೆ ದಿನದ ವರದಿ ಮಾತ್ರ ಮತ್ತೆ ಅಪೂರ್ಣವೇ. ಕೆಲಸ ನಡೆಯುವಾಗಲೇ ಕಂಪ್ಯೂಟರಿನ ಲೆಕ್ಕದಲ್ಲಿ ಪೆಟ್ಟಿಗೆ ಕಾಣೆಯಾಗುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನೇ ಮರಳಿ ಬರುತ್ತಿತ್ತು. "ದಿನಾ ಎಷ್ಟನೇದಕ್ಕೆ ನಿಲ್ತದೆ ಅಂತ ಬರೆದಿಡು" ಅಂದರು. ಎರಡು ತಿಂಗಳು ಬರೆದೆ. ಫೆಬ್ರವರಿಯ ಒಂದು ಶನಿವಾರ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಡಿಸೆಂಬರಿನಲ್ಲಿ ಹದಿನೇಳಕ್ಕೆ ನಿಲ್ಲುತ್ತಿದ್ದದ್ದು ಮೆಲ್ಲಮೆಲ್ಲಗೆ ಹತ್ತೊಂಬತ್ತು, ಇಪ್ಪತ್ತೆರಡು, ಈಗ ಇಪ್ಪತ್ತೇಳು. ಮಾಸ್ತರು ಹಾಳೆ ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು, ಹತ್ತಿರ ಹೋಗಿ ಸೂರ್ಯಾಸ್ತದ ಸಾಲಿನ ಮೇಲೆ ಬೆರಳಿಟ್ಟರು. ಏನಾದರೂ ಹೇಳುತ್ತಾರೆ ಅಂತ ಕಾದೆ. ಹಾಳೆ ಮಡಚಿ ಕಿಸೆಗಿಟ್ಟುಕೊಂಡು ಹೊರಟುಹೋದರು.

ಮುಂದಿನ ಮಂಗಳವಾರ ನಾನು ಬಸ್ಸು ಇಳಿದಾಗ ಹೆದ್ದಾರಿಯ ಬದಿಯಲ್ಲಿ ಕೊಡೆ ಹಿಡಿದು ನಿಂತಿದ್ದರು. ನಮ್ಮ ಮನೆಯಿಂದಲೇ ಬರುತ್ತಿದ್ದರು. ಒಳಗೆ ಬರಲೊಲ್ಲದೆ, ಒಳಗಿದ್ದ ಅತ್ತೆಗೂ ಹೇಳದೆ, ಜಗಲಿಯ ತುದಿಯಲ್ಲಿ ಕಿಟಕಿಯ ಪಕ್ಕ ಒಂದು ಗಂಟೆ ಕೂತು ಎದ್ದುಬಂದರು ಅಂತ ಆಮೇಲೆ ನಮ್ಮವರಿಂದ ತಿಳಿಯಿತು.

"ಸಿಕ್ತಾ, ಮಾಸ್ತರೇ?"

"ಸಿಕ್ತು." ಕೊಡೆಯ ತುದಿಯಿಂದ ನೆಲ ಕೆದರುತ್ತ, "ವೋಲ್ಟೇಜು" ಅಂದರು.

ನಾನು ಕಣ್ಣು ಕಣ್ಣು ಬಿಟ್ಟೆ. "ವೋಲ್ಟೇಜಾ? ನೀವು ಹೇಳೂದಾ ಇದು?"

"ಹೌದು ತಂಗಿ. ಆ ಹೊತ್ತಿಗೆ ನಿಮ್ಮ ಲೈನಲ್ಲಿ ಇಳೀತದೆ. ಪೆಟ್ಟಿಗೆ ಒಳಗಿನ ಕೋಣೆಗೆ ಒಯ್ದಿಡು. ಬ್ಯಾಕಪ್ ಭಾನುವಾರ ಬೆಳಿಗ್ಗೆಗೆ ಇಟ್ಕೋ. ಅಮ್ಮನಿಗೂ ಹೇಳು, ಯಾರ ತಪ್ಪೂ ಅಲ್ಲ ಅಂತ." ನನ್ನ ಮುಖ ನೋಡದೆ ಬಸ್ಸು ಹತ್ತಿದರು.

ಹಾಗೇ ಮಾಡಿದೆ, ಅತ್ತೆಗೂ ಹೇಳಿದೆ. ಆ ಮೇಲೆ ಒಂದು ದಿನವೂ ಅಪೂರ್ಣ ಆಗಲಿಲ್ಲ. ಆದರೆ ಮಾಸ್ತರ ಮೇಲಿನ ನನ್ನ ಭಕ್ತಿ ಆವತ್ತು ಒಂದು ಮೆಟ್ಟಿಲು ಇಳಿಯಿತು. ವಯಸ್ಸಾಯಿತು ಅವರಿಗೆ, ಕಂಡುಹಿಡಿಯಲಾಗದೆ ಎಲ್ಲರ ಹಾಗೆ ಅವರೂ ವೋಲ್ಟೇಜ್ ಅಂದರು ಅಂದುಕೊಂಡೆ. ನಾಲ್ಕು ಜನರ ಮುಂದೆ ಆಡಿಕೊಂಡೂ ನಕ್ಕೆ. ಅದು ಅವರ ಕಿವಿಗೆ ಬಿದ್ದಿರಲೇಬೇಕು. ಆಮೇಲೆ ಕಂಪ್ಯೂಟರ್ ಕೆಟ್ಟರೆ ಬೇರೆಯವರನ್ನು ಕರೆಸಿದೆ. ಪೇಟೆಯಲ್ಲಿ ಎದುರಾದಾಗ ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಅಮ್ಮ ಪದ ಕೇಳ್ತಾರಾ?"

ಈ ವರ್ಷ ನನಗೆ ಹೊನ್ನಾವರಕ್ಕೆ ವರ್ಗವಾಗಿದೆ. ಐದೂವರೆಗೆಲ್ಲ ಮನೆಯಲ್ಲಿರುತ್ತೇನೆ. ಕೋಣೆಯ ಪ್ಲಗ್ಗು ಕೆಟ್ಟಿದ್ದರಿಂದ ಮೊನ್ನೆ ನಮ್ಮವರು ಮೊಬೈಲನ್ನು ದೇವರ ಗೂಡಿನ ಕೆಳಗಿನ ಬೋರ್ಡಿನಲ್ಲಿ ಚಾರ್ಜಿಗೆ ಹಾಕಿ ಹೋಗಿದ್ದರು. ನಾನು ಅಡಿಗೆಮನೆಯ ಬಾಗಿಲಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದೆ. ಹೊತ್ತು ಮುಳುಗಿತು. ಅತ್ತೆ ಕೈಕಾಲು ತೊಳೆದು, ಎಣ್ಣೆ ಬತ್ತಿ ಹಿಡಿದು ಬಂದರು. ಚಾರ್ಜರಿನ ಕೆಂಪು ದೀಪ ನೋಡಿದರು. ಟಕ್ಕನೆ ಸ್ವಿಚ್ ಆರಿಸಿದರು. ದೀಪ ಹಚ್ಚಿದರು, ಕೈಮುಗಿದರು, ಗೊಣಗೊಣ ಅಂತ ದೊಡ್ಡಮ್ಮನದೇ ಒಂದು ಪದ ಹೇಳಿದರು. ಐದು ನಿಮಿಷ. ಆಮೇಲೆ ಸ್ವಿಚ್ ಮತ್ತೆ ಹಾಕಿದರು.

ನನ್ನ ಕೈ ಹಾಗೇ ನಿಂತಿತು. "ಅತ್ತೆ, ಅದನ್ನ ಎಂತಕ್ಕೆ ಆರಿಸ್ದ್ರಿ?"

"ಅಯ್ಯ, ದೇವ್ರಿಗೆ ದೀಪ ಇಡೂ ಹೊತ್ತಿಗೆ ಬಗ್ಲಲ್ಲಿ ಇನ್ನೊಂದು ದೀಪ ಮಿಣ್ಕಬಾರ್ದು. ನಮ್ಮವ್ವ ಹೇಳಿದ್ದು. ಅಕ್ಕನೂ ಹಂಗೇ ಮಾಡ್ತಿತ್ತು. ಯಾರಾದ್ರೂ ಬಂದವ್ರು ಕೆಲಸ ಮಾಡ್ತಾ ಕೂತಿದ್ರೆ ಆರ್ಸೂದಿಲ್ಲ ನಾನು. ಎದ್ದು ಹೋಗಿ ಅಂದಂಗೆ ಆಗ್ತದೆ ಅಲ್ದಾ?"

ಹಸಿರು ದೀಪ. ಶನಿವಾರಗಳು. ಕ್ಯಾಲೆಂಡರಿನ ಸೂರ್ಯಾಸ್ತದ ಸಾಲು. ಜಗಲಿಯ ಕಿಟಕಿ. ಅಲ್ಲಿ ಕೂತು ಅವರು ನೋಡಿದ್ದು ಇದನ್ನೇ. ಜನ್ಮದಲ್ಲಿ ಬಿಡುವುದಿಲ್ಲ ಅಂತ ಕೂಗಿದ ಸೊಸೆ ಒಂದು ಕಡೆ. ಅಕ್ಕನ ದನಿಯನ್ನು ತನ್ನ ಕೈಯಾರೆ ಆರಿಸಿದೆ ಅಂತ ಗೊತ್ತಾದರೆ ಮತ್ತೆ ಏಳಲಾರದ ಮುದುಕಿ ಇನ್ನೊಂದು ಕಡೆ. ಜೀವಮಾನವಿಡೀ ಯಾವ ಮಾತನ್ನು ಕಂಡರೆ ಉಗುಳುತ್ತಿದ್ದರೋ ಅದೇ ಮಾತನ್ನು ಬಾಯಲ್ಲಿಟ್ಟುಕೊಂಡು ಬಸ್ಸು ಹತ್ತಿದ್ದರು. ನಾನು ನಾಲ್ಕು ಜನರ ಮುಂದೆ ನಕ್ಕಿದ್ದೆ.

ಹೋಗಿ ಕಾಲು ಹಿಡಿಯೋಣ ಅಂದರೆ ಆ ಕಾಲು ಇಲ್ಲ.

ಅತ್ತೆ ಬಂದು ನನ್ನ ಪಕ್ಕ ಕೂತು ಒಂದು ಬದನೆಕಾಯಿ ಎತ್ತಿಕೊಂಡರು. ಮಾಸ್ತರು ಹೋದ ಸುದ್ದಿ ಕೇಳಿದಂದಿನಿಂದ ಅವರ ಮನಸ್ಸೂ ಅಲ್ಲೇ ಸುತ್ತುತ್ತಿತ್ತು ಅಂತ ಕಾಣುತ್ತದೆ. "ಪಾಪ, ಉಪಾಸ ಕೂತು ಅಕ್ಕನ್ನ ಉಳಿಸ್ಕೊಟ್ರು. ಆ ನಾಲ್ಕು ಕ್ಯಾಸೆಟ್ಟಿನ ಪದ ಮಾತ್ರ ಹೋತು. ಅಲ್ಲ ಮಗಾ, ಅದು ಖರೇ ಎಂತಕ್ಕೆ ಹೋದದ್ದು? ನೀನು ಕಲಿತವಳು, ಈಗಾದ್ರೂ ಹೇಳು."

ನಾನು ಇನ್ನೊಂದು ಬದನೆಕಾಯಿ ಎತ್ತಿಕೊಂಡೆ.

"ವೋಲ್ಟೇಜು, ಅತ್ತೆ."

"ಮಾಸ್ತರೂ ಅದನ್ನೇ ಹೇಳಿದ್ರು" ಎಂದು ಅತ್ತೆ ಹೆಚ್ಚತೊಡಗಿದರು.